ಎರಡನೇ ಬರೋಣ: ಪಾಸ್ಟರ್ ಅವರನ್ನು ಕೇಳಿ

ಅಡ್ಮಿನ್, ಬೆಳಗಾವಿ: ಎಲ್ಲರಿಗೂ ವಂದನೆಗಳು. ದೀಪಾವಳಿಗಿಂತ ಮುಂಚೆ ಕರ್ತನಾದ ಯೇಸು ಮತ್ತೆ ಬರುತ್ತಾನೆ ಎಂಬ ವಿಡಿಯೋ ಒಂದು ವಾರದಿಂದ ಗ್ರೂಪಿನಲ್ಲಿ ಸುತ್ತುತ್ತಿದೆ. ಅದಕ್ಕೇ ಈವತ್ತು ಪಾಸ್ಟರ್ ಅವರು ಬಂದಿದ್ದಾರೆ. ಒಬ್ಬೊಬ್ಬರಾಗಿ ಕೇಳಿ.

ಸದಸ್ಯ, ಅಥಣಿ: ವಂದನೆ ಅಯ್ಯನವರೇ. ವಿಡಿಯೋದಲ್ಲಿ ಹೇಳಿದ ತಾರೀಕು ಖರೇನಾ?

ಪಾಸ್ಟರ್: ವಂದನೆ. ಅಲ್ಲ. ಮತ್ತಾಯ 24:36 ತೆಗೆದು ಓದಿ. ಆ ದಿನ, ಆ ಗಳಿಗೆ ದೇವದೂತರಿಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ, ತಂದೆಗೆ ಮಾತ್ರ ಗೊತ್ತು. ಹೇಳಿದವರು ಯೇಸುಸ್ವಾಮಿಯೇ. ಸ್ವಾಮಿ ಬರುವುದು ಖಂಡಿತ, ಆ ನಂಬಿಕೆಯಲ್ಲೇ ನಾನು ಬದುಕುತ್ತಿದ್ದೇನೆ. ತಾರೀಕು ಹೇಳುವವರನ್ನು ಮಾತ್ರ ನಂಬುವುದಿಲ್ಲ.

ಸದಸ್ಯೆ, ಇಳಕಲ್: ಆಧಾರ್ ಕಾರ್ಡೇ ಮೃಗದ ಗುರುತು, 666 ಅಂತ ನಮ್ಮ ಓಣಿಯಲ್ಲಿ ಹೇಳುತ್ತಿದ್ದಾರೆ. ನಾನು ಬೆರಳಚ್ಚು ಕೊಟ್ಟಾಗಿದೆ. ಈಗೇನು ಮಾಡಲಿ?

ಪಾಸ್ಟರ್: ಹೆದರಬೇಡಿ ಅಕ್ಕಾ. ರೇಷನ್ ತರಲು ಬೆರಳು ಒತ್ತಿದರೆ ಯಾರನ್ನೂ ಆರಾಧಿಸಿದ ಹಾಗಾಗುವುದಿಲ್ಲ. ಬೈಬಲಿನ ಕೊನೆಯ ಪುಸ್ತಕ ಪ್ರಕಟನೆ, ಅದರ 13ನೇ ಅಧ್ಯಾಯದಲ್ಲಿ ಆ ಗುರುತು ಇರುವುದು ಮೃಗಕ್ಕೆ ಅಡ್ಡಬಿದ್ದವರ ಮೇಲೆ. ಮುಂದಿನ ಅಧ್ಯಾಯದ ಮೊದಲ ವಚನದಲ್ಲೇ ಕುರಿಮರಿಯ, ಅಂದರೆ ಕ್ರಿಸ್ತನ, ಹೆಸರನ್ನು ಹಣೆಯ ಮೇಲೆ ಹೊತ್ತವರು ಬರುತ್ತಾರೆ. ನೀನು ಯಾರಿಗೆ ಸೇರಿದವಳು ಎಂಬುದೇ ಅಲ್ಲಿನ ಮಾತು. ಇನ್ನು ಸಂಖ್ಯೆ. ಹೀಬ್ರೂ ಅಕ್ಷರಗಳಿಗೆ ಅಂಕಿಯ ಬೆಲೆ ಇದೆ. ನೀರೋ ಕೈಸರ್ ಎಂದು ಬರೆದು ಕೂಡಿಸಿದರೆ 666 ಬರುತ್ತದೆ. ಕ್ರೈಸ್ತ ಸಭೆಯನ್ನು ಹಿಂಸಿಸಿದ ರೋಮಿನ ದೊರೆ ಅವನು. ಅನೇಕ ಪಂಡಿತರು ಅವನ ಕಡೆಗೇ ಬೆರಳು ತೋರಿಸುತ್ತಾರೆ.

ಸದಸ್ಯ, ಖಾನಾಪುರ: ಫಾರ್ವರ್ಡ್ ಬಂದಿದೆ: "ಮೂರು ದಿನ ಲೋಕವೆಲ್ಲ ಕತ್ತಲು. ಕಿಟಕಿ, ಬಾಗಿಲು ಬಂದ್ ಮಾಡಿ ಆಶೀರ್ವದಿಸಿದ ಮೇಣದಬತ್ತಿ ಹಚ್ಚಿ. ಮಾತ್ರೆ ನುಂಗುವುದು ಅಪನಂಬಿಕೆ. 12 ಜನರಿಗೆ ಕಳಿಸಿ."

ಪಾಸ್ಟರ್: ಇದು ಈವತ್ತು ನಾಲ್ಕನೇ ಸಲ. ಮಕ್ಕಳಿರುವ ಮನೆಯಲ್ಲಿ ಕಿಟಕಿ ಮುಚ್ಚಿ, ದೀಪ ಹಚ್ಚಿ ಮಲಗಬೇಡಿ. ಬಿಪಿ, ಶುಗರ್ ಮಾತ್ರೆ ಒಂದು ದಿನವೂ ಬಿಡಬೇಡಿ. ಅಪೊಸ್ತಲ ಪೌಲನ ಜೊತೆಗಿದ್ದ ಲೂಕನೇ ವೈದ್ಯ. ಇದನ್ನು ಅಳಿಸಿ ಹಾಕಿ, ಮುಂದೆ ಕಳಿಸಬೇಡಿ.

ಸದಸ್ಯ, ಅಥಣಿ: ಹಾಗಾದರೆ ಕರೆಕ್ಟ್ ತಾರೀಕು ಯಾವುದು?

ಪಾಸ್ಟರ್: ಮೇಲೆ ಹೇಳಿದ್ದೇನೆ.

ಸದಸ್ಯ, ಜಮಖಂಡಿ: ಅಯ್ಯನವರೇ, 2021ರಲ್ಲಿ ಅಪ್ಪ ಕೊರೊನಾದಲ್ಲಿ ತೀರಿಕೊಂಡರು. ಅಲ್ಲೇ ಸುಟ್ಟುಬಿಟ್ಟರು, ನಮಗೆ ಮಣ್ಣು ಕೊಡಲಿಕ್ಕೂ ಆಗಲಿಲ್ಲ. ಸ್ವಾಮಿ ಬಂದಾಗ ಸಮಾಧಿ ಇಲ್ಲದವರು ಹೇಗೆ ಏಳುತ್ತಾರೆ?

ಸದಸ್ಯೆ, ಗೋಕಾಕ: ಅಯ್ಯನವರೇ, ನನ್ನದು ಮನೆಯ ಕಷ್ಟ. ನಮ್ಮ ಮನೆಯವರು ಆ ವಿಡಿಯೋ ನೋಡಿದ ಮೇಲೆ ಎರಡು ಎಕರೆ ಕಬ್ಬಿನ ಹೊಲ ಮಾರಲು ಹೊರಟಿದ್ದಾರೆ. ದುಡ್ಡನ್ನು ಆ ಸೇವೆಗೆ ಕಾಣಿಕೆ ಕೊಡುತ್ತಾರಂತೆ. ಮಗಳು ಪಿಯುಸಿ ಎರಡನೇ ವರ್ಷ. ಪರೀಕ್ಷೆ ಫೀ ಕಟ್ಟಲಿಲ್ಲ, ಬರೆಯುವಷ್ಟರಲ್ಲಿ ಕರ್ತನು ಬಂದಿರುತ್ತಾನೆ ಅಂದರು. ಶುಗರ್ ಮಾತ್ರೆ ಬಿಟ್ಟು ಒಂಬತ್ತು ದಿನ ಆಯಿತು.

ಪಾಸ್ಟರ್: ತಂಗೀ, ಮೊದಲು ಮಾತ್ರೆ. ಈವತ್ತು ರಾತ್ರಿಯೇ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಶುಗರ್ ಚೆಕ್ ಮಾಡಿಸಿ. ಎರಡನೆಯದು, ಯಾವ ಕಾಗದಕ್ಕೂ ಸಹಿ ಹಾಕಬೇಡಿ, ವಕೀಲರಿಗೆ ತೋರಿಸಿ. ಮೂರನೆಯದು ಮಗಳ ಫೀ. ಕೊನೆ ದಿನ ಯಾವಾಗ ಅಂತ ನಾಳೆಯೇ ಕಾಲೇಜಿನಲ್ಲಿ ಕೇಳಿ. ದುಡ್ಡು ಸಾಲದಿದ್ದರೆ ನನಗೆ ಹೇಳಿ.

ಈಗ ನಿಮ್ಮ ಮನೆಯವರಿಗೆ. ಅಣ್ಣಾ, ನೀವು ಇದನ್ನು ಓದುತ್ತೀರಿ ಅಂತ ನಂಬಿ ಬರೆಯುತ್ತಿದ್ದೇನೆ. ಥೆಸಲೊನೀಕದ ಸಭೆಗೂ ಹೀಗೇ ಆಗಿತ್ತು. ಕರ್ತನ ದಿನ ಬಂದೇಬಿಟ್ಟಿತು ಅಂತ ಗಾಬರಿಯಾಗಿದ್ದರು. ನಮ್ಮಿಂದ ಬಂದದ್ದು ಅಂತ ಯಾರೋ ತೋರಿಸುವ ಪತ್ರಕ್ಕೆ ಬೆದರಬೇಡಿ ಅಂತ ಪೌಲನು ಬರೆದ. ಎರಡನೇ ಪತ್ರ, 2ನೇ ಅಧ್ಯಾಯ, 2ನೇ ವಚನ. ಫಾರ್ವರ್ಡ್ ಅಂದರೆ ಅದೇ ಅಲ್ವಾ? ಅದೇ ಪತ್ರದ 3ನೇ ಅಧ್ಯಾಯದಲ್ಲಿ, ಕೆಲಸ ಬಿಟ್ಟು ತಿರುಗುವವರು ನೆಮ್ಮದಿಯಾಗಿ ದುಡಿದು ತಮ್ಮ ಅನ್ನ ತಾವು ಉಣ್ಣಲಿ ಅಂದ.

ಅಮೆರಿಕದಲ್ಲಿ ಮಿಲ್ಲರ್ ಎಂಬುವರ ಹಿಂಬಾಲಕರು ದಾನಿಯೇಲನ ಪುಸ್ತಕದ 2300 ದಿನಗಳನ್ನು ವರ್ಷ ಅಂತ ಎಣಿಸಿ 1844ರ ಅಕ್ಟೋಬರ್ 22 ಅಂದರು. ಕೆಲವರು ಆಲೂಗಡ್ಡೆ ಅಗೆಯದೆ ಹೊಲದಲ್ಲೇ ಬಿಟ್ಟರು. 23ನೇ ತಾರೀಕು ಬೆಳಗಾಯಿತು, ಅಳುತ್ತಾ ಕೂತರು. ಕೊರಿಯಾದಲ್ಲಿ ಒಂದು ಪಂಗಡ 1992ರ ಅಕ್ಟೋಬರ್ 28 ಅಂತ ಸಾರಿತು. ಜನ ನೌಕರಿ ಬಿಟ್ಟರು, ಆಸ್ತಿ ಮಾರಿದರು. ಅದರ ಮುಖಂಡ ಆ ದಿನ ಕಳೆದ ಮೇಲೆ ಹಣ ಕೈಗೆ ಬರುವ ಬಾಂಡುಗಳನ್ನು ಕೊಂಡಿಟ್ಟಿದ್ದ! ವಂಚನೆ ಕೇಸಿನಲ್ಲಿ ಶಿಕ್ಷೆಯಾಯಿತು.

ನಮ್ಮ ಮನೆಯದೂ ಹೇಳುತ್ತೇನೆ. ನನ್ನ ತಂದೆಯ ಸತ್ಯವೇದ ನನ್ನ ಹತ್ತಿರವೇ ಇದೆ. ಮತ್ತಾಯ 24ರ ಅಂಜೂರದ ಮರದ ಮಾತಿನ ಪಕ್ಕ ಪೆನ್ಸಿಲ್‌ನಲ್ಲಿ 1988 ಅಂತ ಬರೆದಿದ್ದರು. ಆ ಮರ ಅಂದರೆ ಇಸ್ರೇಲ್ ಅಂತ ಅವರ ಲೆಕ್ಕ: 1948ಕ್ಕೆ ಇಸ್ರೇಲ್ ದೇಶ ಆಯಿತು, ಒಂದು ತಲೆಮಾರಿಗೆ 40 ವರ್ಷ, ಕೂಡಿಸಿದರೆ 1988. ಆ ವರ್ಷ ಕಳೆದ ಮೇಲೆ ಅಳಿಸಿ 2000 ಅಂತ ಬರೆದರು. ಅದನ್ನೂ ಅಳಿಸಿದರು. ಆ ಜಾಗದಲ್ಲಿ ಹಾಳೆ ಎಷ್ಟು ತೆಳ್ಳಗಾಗಿದೆ ಅಂದರೆ ಹಿಂದಿನ ಪುಟದ ಅಕ್ಷರ ಕಾಣುತ್ತದೆ. ಸ್ವಾಮಿ ಬರುತ್ತಾರೆ, ಸ್ಲ್ಯಾಬ್ ಯಾಕೆ ಅಂತ ಮನೆಗೆ ತಗಡೇ ಉಳಿಸಿದರು. ಮಳೆಗಾಲದಲ್ಲಿ ಅವ್ವ ರಾತ್ರಿಯೆಲ್ಲಾ ಎದ್ದು ಸೋರುವ ಕಡೆ ಪಾತ್ರೆ ಇಡುತ್ತಿದ್ದಳು. ಅಪ್ಪನ ಭಕ್ತಿ ದೊಡ್ಡದು. ಅವ್ವ ತೋಯ್ದದ್ದೂ ನಿಜ. ಮಗಳಿಗೆ ಹಾಗೆ ಮಾಡಬೇಡಿ ಅಣ್ಣಾ.

ಸದಸ್ಯ, ಖಾನಾಪುರ: ಪಾಸ್ಟರ್ ಜನರನ್ನು ನಿದ್ದೆಗೆ ಹಾಕುತ್ತಿದ್ದಾರೆ. ವಿಶ್ವಾಸಿಗಳ ಸಭೆ ಗುಟ್ಟಾಗಿ ಆಕಾಶಕ್ಕೆ ಎತ್ತಲ್ಪಡುತ್ತದೆ, 1 ಥೆಸಲೊನೀಕ 4:17. ಆಮೇಲೆ ಏಳು ವರ್ಷ ಮಹಾಸಂಕಟ.

ಸದಸ್ಯ, ಬಾಗಲಕೋಟೆ: ಗುಟ್ಟಾಗಿ ಅಂತ ಎಲ್ಲಿದೆ? ಹಿಂದಿನ ವಚನದಲ್ಲಿ ತುತ್ತೂರಿ ಧ್ವನಿ ಇದೆಯಲ್ಲ. ಈ ಬೋಧನೆ ಹರಡಿದ್ದು 1830ರ ನಂತರ ಡಾರ್ಬಿ ಎಂಬ ಬೋಧಕನಿಂದ. 1909ರಲ್ಲಿ ಸ್ಕೋಫೀಲ್ಡ್ ಎಂಬುವರ ಟಿಪ್ಪಣಿಯ ಬೈಬಲ್ ಬಂದ ಮೇಲೆ ಮನೆಮನೆಗೆ ಹೋಯಿತು.

ಸದಸ್ಯ, ಖಾನಾಪುರ: ಒಬ್ಬನು ತೆಗೆದುಕೊಳ್ಳಲ್ಪಡುವನು, ಒಬ್ಬನು ಬಿಡಲ್ಪಡುವನು ಅಂತ ಸ್ವಾಮಿಯೇ ಹೇಳಿಲ್ವಾ?

ಸದಸ್ಯ, ಬಾಗಲಕೋಟೆ: ಅದರ ಮೊದಲಿನ ವಚನ ಓದಿ. ನೋಹನ ಕಾಲದಲ್ಲಿ ಪ್ರಳಯ ಬಡಿದುಕೊಂಡು ಹೋದದ್ದು ಕೆಟ್ಟವರನ್ನು. ಉಳಿದವನೇ ನೋಹ.

ಸದಸ್ಯ, ಖಾನಾಪುರ: ಹಳೇ ಸಭೆಯವರಿಗೆ ಆತ್ಮನ ಅರಿವೇ ಇಲ್ಲ, ಬರೀ ಪುಸ್ತಕ.

ಸದಸ್ಯ, ಬಾಗಲಕೋಟೆ: ನಿಮಗೆ ಪುಸ್ತಕವೂ ಇಲ್ಲ, ಬರೀ ವಿಡಿಯೋ.

ಪಾಸ್ಟರ್: ಇಬ್ಬರೂ ಸುಮ್ಮನಿರಿ. 1 ಥೆಸಲೊನೀಕ 4:17ರ "ಎದುರುಗೊಳ್ಳುವುದು" ಎಂಬ ಗ್ರೀಕ್ ಮಾತನ್ನು ನೋಡಿ. ಅಪೊಸ್ತಲರ ಕೃತ್ಯಗಳು 28:15ರಲ್ಲಿ ರೋಮಿನ ಸಹೋದರರು ಪೌಲನನ್ನು ಕಾಣಲು ಊರಿಂದ ಹೊರಟು ಬಂದಾಗಲೂ ಅದೇ ಮಾತು. ನಮ್ಮಲ್ಲಿ ದೊಡ್ಡವರು ಬಂದರೆ ಅಗಸಿಯ ತನಕ ಹೋಗಿ, ಎದುರುಗೊಂಡು, ಊರೊಳಗೆ ಕರೆದುಕೊಂಡು ಬರುತ್ತೇವಲ್ಲ, ಹಾಗೆ. ಸ್ವಾಮಿ ಬರುವುದು ಇಲ್ಲಿಗೆ. ಓಡಿಹೋಗುವ ದಾರಿ ಅಂತ ನಾನು ಇದನ್ನು ಓದುವುದಿಲ್ಲ. ಬೇರೆ ರೀತಿ ಓದುವ ಒಳ್ಳೆಯ ವಿಶ್ವಾಸಿಗಳೂ ಇದ್ದಾರೆ. ಆದರೆ ಇಲ್ಲಿ ಒಂದು ಮನೆ ಮುಳುಗುತ್ತಿದೆ, ನೀವು ಜಗಳ ಆಡುತ್ತಿದ್ದೀರಿ.

ಸದಸ್ಯ, ಖಾನಾಪುರ: ನಾನು ಗ್ರೂಪ್ ಬಿಡುತ್ತೇನೆ.

ಸದಸ್ಯ, ಅಥಣಿ: ತಾರೀಕು ಬೇಡ, ವರ್ಷವಾದರೂ ಹೇಳಿ.

ಪಾಸ್ಟರ್: ಇಲ್ಲ.

ಸದಸ್ಯೆ, ಗೋಕಾಕ: ಅಯ್ಯನವರೇ, ಅವರು ಓದಿದರು. ಏನೂ ಮಾತಾಡಲಿಲ್ಲ. ಡಾಕ್ಟರ ಹತ್ತಿರ ಹೊರಟಿದ್ದೇವೆ. ಹೊಲಕ್ಕೆ 20 ಸಾವಿರ ಸಂಚಕಾರ ಇಸಿದುಕೊಂಡಾಗಿದೆ, ಏನು ಮಾಡೋಣ?

ಪಾಸ್ಟರ್: ಆ ದುಡ್ಡು ಮುಟ್ಟಬೇಡಿ, ಹಾಗೇ ಇರಲಿ. ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಕೊಳ್ಳುವವರ ಹತ್ತಿರ ಒಟ್ಟಿಗೆ ಹೋಗಿ ಮಾತಾಡೋಣ. ಶುಗರ್ ಎಷ್ಟಿದೆ ಅಂತ ಈಗಲೇ ಫೋನ್ ಮಾಡಿ ತಿಳಿಸಿ.

ಅಡ್ಮಿನ್, ಬೆಳಗಾವಿ: ಪಾಸ್ಟರ್ ಫೋನಿನಲ್ಲಿದ್ದಾರೆ. ಈವತ್ತಿಗೆ ಇಷ್ಟೇ.

ಸದಸ್ಯ, ಜಮಖಂಡಿ: ನನ್ನ ಅಪ್ಪನ ಪ್ರಶ್ನೆ ಮೇಲೆ ಇದೆ, ಯಾರಾದರೂ ಅಯ್ಯನವರಿಗೆ ತೋರಿಸಿ.