ಪದ ಬೇಕು: ಪಲ್ಸ್, ಬೌನ್ಸ್, ಫ್ಲೋಟಿಂಗ್ (ನಾಳೆ ಅಚ್ಚಿಗೆ)

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಹತ್ತಿರದ ಕಾಲೇಜೊಂದರ ಲ್ಯಾಬಿನಲ್ಲಿ ನನಗೆ ಕೆಲಸ. ಮಳೆಮಾಪಕದ ತಂತಿ ಬಂದು ಸೇರುವ ಡೇಟಾ ಬೋರ್ಡಿನ ಪಕ್ಕ ಒಂದು ಫಲಕ ಹಾಕಬೇಕು, ಲೆಕ್ಕ ತಪ್ಪಿದರೆ ಏನು ನೋಡಬೇಕು ಎಂದು. ಮಲಯಾಳದ್ದು ಆಗಲೇ ತಯಾರು. ಕನ್ನಡದ್ದು ನಾಳೆ ಹನ್ನೊಂದು ಗಂಟೆಗೆ ಅಚ್ಚಿಗೆ ಕೊಡಬೇಕು.

ಸಂಗತಿ ಇಷ್ಟು. ಮಾಪಕದೊಳಗಿನ ಪುಟ್ಟ ಬಟ್ಟಲು 0.2 ಮಿ.ಮೀ. ಮಳೆಗೆ ಒಮ್ಮೆ ಮಗುಚುತ್ತದೆ. ಆಗ ಒಂದು ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಕೂಡುವ ಸ್ವಿಚ್) ಕೂಡಿ ಬಿಡುತ್ತದೆ, ಬೋರ್ಡಿಗೆ ಒಂದು ಪಲ್ಸ್, ಅಂದರೆ ಕರೆಂಟಿನ ಒಂದು ಕ್ಷಣದ ಏರಿಳಿತ, ಹೋಗುತ್ತದೆ. ಆದರೆ ಸ್ವಿಚ್ಚಿನೊಳಗಿನ ಲೋಹದ ಎಲೆಗಳು ಒಂದೇ ಏಟಿಗೆ ಕೂಡುವುದಿಲ್ಲ. ಚೆಂಡಿನ ಹಾಗೆ ಎರಡು ಮೂರು ಸಲ ಕುಣಿದು ನಿಲ್ಲುತ್ತವೆ. ಬೋರ್ಡಿಗೆ ಅದೂ ಲೆಕ್ಕವೇ. ಮೊನ್ನೆ ಕೈಯಲ್ಲಿ ಹತ್ತು ಸಲ ಮಗುಚಿದೆ, ಪರದೆಯಲ್ಲಿ 27 ಬಂತು! ಇದು ಬೌನ್ಸ್. ಸಾಫ್ಟ್‌ವೇರಿನಲ್ಲಿ, ಒಂದು ಪಲ್ಸಿನ ನಂತರ 10 ಮಿಲಿಸೆಕೆಂಡಿನೊಳಗೆ ಬಂದದ್ದನ್ನು ಎಣಿಸದ ಫಿಲ್ಟರ್ ಇಟ್ಟ ಮೇಲೆ ಸರಿಯಾಯಿತು.

ಇನ್ನೊಂದು, ಮಾಪಕದ ತಂತಿ ಕಳಚಿದಾಗಿನ ಕಥೆ. ಇನ್‌ಪುಟ್ ಅತ್ತ 0 ವೋಲ್ಟ್ ಅಲ್ಲ, ಇತ್ತ 5 ವೋಲ್ಟ್ ಅಲ್ಲ. ಗೋಡೆಯ ಕರೆಂಟಿನ ಗುಂಯ್ ಹಿಡಿದು, ಬಿಸಿಲಲ್ಲೂ ಸೆಕೆಂಡಿಗೆ 50ರಂತೆ ಮಳೆ ಎಣಿಸುತ್ತದೆ. 5 ವೋಲ್ಟಿಗೆ 10 ಕಿಲೋ ಓಮಿನ ರೆಸಿಸ್ಟರ್ ಹಾಕಿದರೆ ಸುಮ್ಮನಾಗುತ್ತದೆ. ಇದು ಫ್ಲೋಟಿಂಗ್. ‘ತೇಲುವ ತಂತಿ’ ಎಂದು ಬರೆದರೆ ಮಳೆಮಾಪಕಕ್ಕೆ ನೀರು ನುಗ್ಗಿದೆ ಅಂತಲೇ ತಿಳಿದಾರು. ಏನು ಹೇಳಲಿ?

ಮಂಜೇಶ್ವರದಿಂದ:
ಪಲ್ಸ್ ಎಂದರೆ ಮಿಡಿತ. ಮಲಯಾಳದವರ ಮಿಡಿಪ್ಪು ಕೂಡ ಅದೇ ಬೇರಿನದು. ಇದಕ್ಕೆ ಚರ್ಚೆ ಯಾಕೆ? ಹಾಗೇ ಪಲ್ಸ್ ಎಣಿಸುವ ಕೌಂಟರನ್ನೂ ‘ಎಣಿಕ’ ಮಾಡಿ. ಕೌಂಟರ್ ಎಂದರೆ ನನಗೆ ಟಿಕೆಟ್ ಕೊಡುವ ಕಿಟಕಿ ನೆನಪಾಗುತ್ತದೆ.

ಕುಂಬಳೆಯಿಂದ:
ಎಣಿಕ ಬೇಡವೇ ಬೇಡ. ಕುಡುಕ, ತಿರುಕ, ಸಿಡುಕ... ಆ ‘ಕ’ ಹತ್ತಿದವರಲ್ಲಿ ಒಬ್ಬನಾದರೂ ಮರ್ಯಾದಸ್ಥ ಇದ್ದಾನೆಯೇ ಮಾಷ್ಟ್ರೇ? ಮಿಡಿತ ನಾಡಿಯದು, ಸ್ವಿಚ್ಚಿನದಲ್ಲ. ಪಲ್ಸ್ ಇರಲಿ. ಬೌನ್ಸಿಗೆ ‘ಪುಟಿತ’, ಚೆಂಡು ಪುಟಿಯುವುದಲ್ವಾ? ಅತ್ತಲೂ ಇಲ್ಲದ ಇತ್ತಲೂ ಇಲ್ಲದ ತಂತಿಗೆ ‘ತ್ರಿಶಂಕು’.

ಮಂಜೇಶ್ವರದಿಂದ:
ತ್ರಿಶಂಕು ಸಂಸ್ಕೃತ. ಒಂದು ಸಾಲ ತೀರಿಸಲು ಇನ್ನೊಂದು ಸಾಲ. ‘ನೆಲೆಗೆಟ್ಟ ತಂತಿ’ ಎನ್ನಿ.

ಕುಂಬಳೆಯಿಂದ:
ಸಾಲದ ಮಾತು ನೀವೇ ತೆಗೆದಿರಿ. ಹಾಗಾದರೆ ಚಾವಿಯನ್ನು ಪೋರ್ಚುಗೀಸರಿಗೆ, ಕುರ್ಚಿಯನ್ನು ಅರಬರಿಗೆ ಹಿಂದೆ ಕೊಟ್ಟು ಬನ್ನಿ. ಆಮೇಲೆ ನೆಲದ ಮೇಲೆ ಕೂತು ಮಾತಾಡುವ. ನೆಲೆಗೆಟ್ಟವನು ಮನುಷ್ಯ, ತಂತಿಯಲ್ಲ.

ಮಂಜೇಶ್ವರದಿಂದ:
ಕಾಸರಗೋಡಿನಲ್ಲಿ ಕನ್ನಡ ಉಳಿಯದಿರುವುದು ನಿಮ್ಮಂಥವರ ಈ ‘ಇರಲಿ’ಯಿಂದಲೇ. ನನ್ನದು ಇಷ್ಟೇ.

ಬದಿಯಡ್ಕದಿಂದ:
ಇಬ್ಬರಿಗೂ ಉಪಕಾರ. ಜಗಳ ಮುಗಿಯುವುದರೊಳಗೆ ಹನ್ನೊಂದಾಯಿತು, ಕೊಟ್ಟು ಬಂದೆ. ಫಲಕದಲ್ಲಿ ಹೀಗಿದೆ: “ಪಲ್ಸ್ ಲೆಕ್ಕ ಜಾಸ್ತಿ ಬಂದರೆ ಸ್ವಿಚ್ ಪುಟಿಯುತ್ತಿದೆಯೇ ನೋಡಿ. ಮಳೆಯಿಲ್ಲದೆ ಎಣಿಸಿದರೆ ತಂತಿ ಕಳಚಿದೆಯೇ ನೋಡಿ.” ತ್ರಿಶಂಕುವೂ ಬೇಡವಾಯಿತು, ನೆಲೆಯೂ ಬೇಡವಾಯಿತು. ಕಳಚಿದೆ ಎಂದರೆ ಸಾಕಿತ್ತು, ನನಗೇ ಹೊಳೆದಿರಲಿಲ್ಲ. ‘ರೀಸೆಟ್ ಒತ್ತಿ’ ಎಂಬುದನ್ನು ಹಾಗೇ ಬಿಟ್ಟಿದ್ದೇನೆ. ಬಟನಿನ ಮೇಲೆ ಇರುವುದೂ ಅದೇ.