ಮುಸುಕಿನವರ ಮುಂದ ಅವ ನಗತಾನಲ್ಲ, ಅದು ನಿಮಗ ಸರಿ ಅನಿಸ್ತೇನ್ರಿ?

ಮಾಸ್ತರ ಮಗಳು, ಕಲಬುರಗಿ:

ಎಲ್ಲಾರಿಗೂ ಶರಣು. ಡಬ್ಲ್ಯೂ. ಕಮಾವ್ ಬೆಲ್ ಅಂತ ಅಮೆರಿಕದ ಒಬ್ಬ ಕರಿಯ ಹಾಸ್ಯಗಾರ ಸಿಎನ್‌ಎನ್‌ದಾಗ ನಡೆಸಿಕೊಟ್ಟ ‘ಯುನೈಟೆಡ್ ಶೇಡ್ಸ್ ಆಫ್ ಅಮೆರಿಕ’ ನೋಡಿದವರು ಇಲ್ಲಿ ಯಾರರೆ ಇದ್ದೀರೇನು? 2016ರಿಂದ 2022ರ ತನಕ ಏಳು ಸೀಸನ್ ಬಂದದ. ಬ್ಯಾರೆ ಬ್ಯಾರೆ ಊರಿಗೆ ಹೋಗಿ ಅಲ್ಲಿ ಬಣ್ಣ, ಕುಲ, ಧರ್ಮ ಹ್ಯಾಂಗ ನಡೀತದ ಅಂತ ಮಂದಿಗೇ ಕೇಳೂದು ಅವನ ಕೆಲಸ.

ನನ್ನ ತಮ್ಮ ಸಿಯಾಟಲ್‌ನಾಗ ಸಾಫ್ಟ್‌ವೇರ್ ನೌಕರಿ ಮಾಡ್ತಾನ. ಹೋದ ತಿಂಗಳು ರಜಾಕ್ಕ ಬಂದಾಗ ಲ್ಯಾಪ್‌ಟಾಪಿನ್ಯಾಗ ಮೊದಲನೇ ಎಪಿಸೋಡ್ ಹಚ್ಚಿದ. ನಾನು, ಅವ, ನಮ್ಮಪ್ಪ ಮೂವರೂ ಕೂತು ನೋಡಿದೆವು. ಅಪ್ಪಗ ಆ ಇಂಗ್ಲಿಷ್ ಗಡಾನೆ ತಿಳಿಯಂಗಿಲ್ಲ, ನಾನು ನಡುನಡುವ ನಿಲ್ಲಿಸಿ ಕನ್ನಡದಾಗ ಹೇಳ್ತಿದ್ದೆ. ಅದು ಕು ಕ್ಲಕ್ಸ್ ಕ್ಲಾನ್ ಬಗ್ಗೆ. 1865ರಾಗ ಟೆನೆಸಿಯೊಳಗ ಹುಟ್ಟಿ, ಕರಿಯರನ್ನ ಹೊಡೆದು, ಸುಟ್ಟು, ಮರಕ್ಕ ನೇತುಹಾಕಿದ ಗುಂಪು ಅದು. ಅಂಥವರು ಮುಸುಕು ಹಾಕ್ಕೊಂಡು ಎದುರಿಗೆ ನಿಂತಾರ, ಇವ ಒಬ್ಬನೇ ಕರಿಯ. ರಾತ್ರಿ ಶಿಲುಬಿಗೆ ಬೆಂಕಿ ಹಚ್ಚೂ ಮುಂದ, ನಾವು ಸುಡಂಗಿಲ್ಲ, ಬೆಳಗಿಸ್ತೀವಿ ಅಂತ ಇವನ ಮಾತೇ ತಿದ್ದುತಾರ. ಅಂಥಾ ಮಂದಿ ಜೋಡಿ ಇವ ನಗಚಾಟಿಗಿ ಮಾಡ್ಕೋತ ಮಾತಾಡ್ತಾನ.

ನನ್ನ ತಮ್ಮ ಸಿಟ್ಟಿಗೆದ್ದು ಲ್ಯಾಪ್‌ಟಾಪ್ ಮುಚ್ಚೇ ಬಿಟ್ಟ. “ಇವಗ ಮೈಯಾಗ ರಕ್ತ ಅದನೋ ಇಲ್ಲೋ” ಅಂದ. ಅಪ್ಪ ಮಾತ್ರ, “ಮುಚ್ಚಬ್ಯಾಡ, ಇನ್ನೊಮ್ಮಿ ಹಾಕು” ಅಂದ.

ನಾನು ಹೈಸ್ಕೂಲಿನ್ಯಾಗ ಸಮಾಜ ವಿಜ್ಞಾನ ಕಲಿಸ್ತೀನಿ. ಒಂಬತ್ತನೇ ಇಯತ್ತೆಯ ಮಕ್ಕಳಿಗೆ ಇದನ್ನ ತೋರಿಸಬೇಕಂತ ಮನಸಿನಾಗ ಅದ. ಜ್ಯೋತಿಬಾ ಫುಲೆ 1873ರಾಗ ‘ಗುಲಾಮಗಿರಿ’ ಬರೆದು, ಗುಲಾಮರನ್ನ ಬಿಡಿಸಿದ ಅಮೆರಿಕದ ಮಂದಿಗೆ ಅದನ್ನ ಅರ್ಪಣೆ ಮಾಡಿದ್ದನ್ನ ಪಾಠದಾಗ ಹೇಳೇನಿ. ಅಲ್ಲಿಂದ ಇಲ್ಲಿಗೆ ದಾರಿ ಅದ. ಆದ್ರ ಆ ನಗು ನೋಡಿ ಮಕ್ಕಳು ಏನು ಕಲೀತಾರ ಅನ್ನೂದೇ ನನ್ನ ಚಿಂತಿ. ನಿಮಗೇನು ಅನಿಸ್ತು, ಖರೇ ಹೇಳ್ರಿ.

ಭೀಮಾ ದಂಡಿ, ಯಾದಗಿರಿ:

ಅಕ್ಕಾ, ನಾ ಎರಡು ಎಪಿಸೋಡ್ ನೋಡಿ ಬಿಟ್ಟೆ. ಅದಕ್ಕ ಮೂರು ವರ್ಷ ಸಾಲಾಗಿ ಅಮೆರಿಕದ ಟಿವಿಯವರಿಗೆ ಕೊಡೂ ಎಮ್ಮಿ ಪ್ರಶಸ್ತಿ ಬಂದದ, 2017, 18, 19. ಬರಲಿ. ಪ್ರಶಸ್ತಿ ಬಂತಂತ ನನ್ನ ಹೊಟ್ಟಿ ಉರಿ ತಣ್ಣಗಾಗಂಗಿಲ್ಲ. ಆ ಮುಸುಕಿನವರಿಗೆ ಟಿವಿ ಯಾಕ ಬೇಕು?

ನಮ್ಮ ಕಡಿದೇ ತಗೋರಿ. ಕೊಪ್ಪಳ ಜಿಲ್ಲೆಯ ಮರಕುಂಬಿಯೊಳಗ 2014ರಾಗ ದಲಿತರ ಗುಡಿಸಲಕ್ಕ ಬೆಂಕಿ ಹಚ್ಚಿದರು. ಕ್ಷೌರದ ಅಂಗಡಿಯೊಳಗ, ಹೋಟೆಲಿನ್ಯಾಗ ಬಿಟ್ಟುಕೊಳ್ಳಂಗಿಲ್ಲ ಅಂದಿದ್ದಕ್ಕ ಎದ್ದ ಜಗಳ ಅದು. ಹತ್ತು ವರ್ಷ ಆದ ಮ್ಯಾಲ, 2024ರ ಅಕ್ಟೋಬರದಾಗ ಕೊಪ್ಪಳ ಕೋರ್ಟು 98 ಮಂದಿಗೆ ಜೀವಾವಧಿ ಕೊಟ್ಟಿತು. ಆ ಸುದ್ದಿ ಬಂದ ದಿನ ನಮ್ಮವ್ವ ರೊಟ್ಟಿ ಬಡಿಯೂದು ಬಿಟ್ಟು ಹಿಟ್ಟಿನ ಕೈಲೇ ಟಿವಿ ಮುಂದ ನಿಂತಿದ್ದಳು. ಈಗ ಯಾರೋ ಒಬ್ಬ ಹಾಸ್ಯಗಾರ ಕ್ಯಾಮೆರಾ ಹಿಡಕೊಂಡು ಬೆಂಕಿ ಹಚ್ಚಿದವರ ಮನಿಗೆ ಹೋಗಿ, ಯಾಕ್ರೀ ಅಣ್ಣಾರೆ ಹಂಗ ಮಾಡಿದ್ರಿ ಅಂತ ನಕ್ಕೋತ ಕೇಳಿದರ ನಮ್ಮವ್ವಗ ನಾ ಏನು ಹೇಳಲಿ? ಮಕ್ಕಳಿಗೆ ತೋರಿಸಬ್ಯಾಡ್ರಿ.

ಕಿಲ್ಲೆ ಓಣಿ, ಬೀದರ:

ತೋರಿಸ್ರಿ ಅಕ್ಕೋರೆ, ಆದ್ರ ಅದನ್ನ ಮೊದಲು ಬ್ಯಾಡ. 2018ರ ಸೀಸನ್ನಿನ್ಯಾಗ ಸಿಖ್ಖರ ಮ್ಯಾಲ ಒಂದು ಎಪಿಸೋಡ್ ಅದ, ಅದರಿಂದ ಸುರು ಮಾಡ್ರಿ. ರುಮಾಲು, ಗಡ್ಡ ನೋಡಿ ಅಲ್ಲಿಯವರು ಇವರನ್ನ ಯಾರೋ ಅಂತ ತಿಳ್ಕೊಂಡು ಹೊಡೀತಾರ. 2012ರ ಆಗಸ್ಟ್‌ದಾಗ ವಿಸ್ಕಾನ್ಸಿನ್ನಿನ ಓಕ್ ಕ್ರೀಕ್ ಗುರುದ್ವಾರದಾಗ ಬಿಳಿಯನೊಬ್ಬ ಗುಂಡು ಹಾರಿಸಿ ಮಂದಿನ ಕೊಂದಿದ್ದ.

ನಾ ಇದನ್ನ ಯಾಕ ಹೇಳ್ತೀನಂದ್ರ, ನಮ್ಮ ಮನಿಯಿಂದ ನಾನಕ್ ಝೀರಾ ಗುರುದ್ವಾರ ನಡಕೊಂಡು ಹೋಗೂ ದಾರಿ. ಸಿಖ್ಖರ ಗುರು ಗೋಬಿಂದ ಸಿಂಗರ ಪಂಚ ಪ್ಯಾರೆ, ಅಂದ್ರ ಐದು ಮಂದಿ ಮೆಚ್ಚಿನ ಶಿಷ್ಯರೊಳಗ ಒಬ್ಬರು, ಭಾಯಿ ಸಾಹಿಬ್ ಸಿಂಗ್, ಬೀದರದವರು. ಸಣ್ಣವರಿದ್ದಾಗ ಲಂಗರದಾಗ ಉಂಡು ಬೆಳೆದವರು ನಾವು. ಅಂಥಾ ಊರಾಗೇ 1988ರ ಸೆಪ್ಟೆಂಬರದಾಗ ಇಲ್ಲಿ ಓದಲಿಕ್ಕೆ ಬಂದಿದ್ದ ಸಿಖ್ ಹುಡುಗರನ್ನ ಕೊಂದರು. ನನಗ ಆವಾಗ ಏಳು ವರ್ಷ. ಓಣಿಯೊಳಗ ಬಾಡಿಗಿಗಿದ್ದ ಒಬ್ಬ ಹುಡುಗ ನಮಗ ಗಾಳಿಪಟ ಮಾಡಿಕೊಡ್ತಿದ್ದ, ಆ ವಾರ ಖೋಲಿಗೆ ಕೀಲಿ ಹಾಕಿ ಹೋದವ ಮತ್ತ ಬರಲೇ ಇಲ್ಲ. ಬದುಕಿದ್ದನೋ ಇಲ್ಲೋ ಇವತ್ತಿಗೂ ಗೊತ್ತಿಲ್ಲ. ಅದರ ಬಗ್ಗೆ ನಮ್ಮ ಓಣಿಯೊಳಗ ಯಾರೂ ಬಾಯಿ ಬಿಡಂಗಿಲ್ಲ. ನಕ್ಕೋತಾದರೂ ಆಗಲಿ, ಅಳಕೋತಾದರೂ ಆಗಲಿ, ಒಬ್ಬ ಬಂದು ಕೇಳಬೇಕಾಗಿತ್ತು.

ಇನ್ನೊಂದು. ಕರಿಯರು ಅಂದ್ರ ಅಮೆರಿಕ ಅಂತ ಮಕ್ಕಳು ತಿಳೀತಾರ. ಬೀದರದ ಪೂರ್ವಕ್ಕ ದಿಬ್ಬದ ಮ್ಯಾಲ ಹಬಶಿ ಕೋಟ್ ಅದ. ಇಥಿಯೋಪಿಯ ಕಡಿಯಿಂದ ಬಂದು ಬಹಮನಿ ದರಬಾರಿನ್ಯಾಗ ಸರದಾರರಾದ ಹಬಶಿಗಳ ಗೋರಿ ಅಲ್ಲಿ ಆವ.

ಹಳೇ ಪೀರಿಯಡ್, ಕಲಬುರಗಿ:

ನಾನು ನಿವೃತ್ತ ಉಪನ್ಯಾಸಕ. ಒಂದೇ ಮಾತು ಸೇರಿಸುತ್ತೇನಮ್ಮ. ಮಾರ್ಟಿನ್ ಲೂಥರ್ ಕಿಂಗ್ 1959ರಲ್ಲಿ ಕೇರಳದ ಒಂದು ಶಾಲೆಗೆ ಹೋದಾಗ, ಅಲ್ಲಿನ ಮುಖ್ಯೋಪಾಧ್ಯಾಯರು ಮಕ್ಕಳಿಗೆ ಅವರನ್ನು ಅಮೆರಿಕದ ಅಸ್ಪೃಶ್ಯ ಎಂದು ಪರಿಚಯಿಸಿದರಂತೆ. ಆ ಮಾತು ಮೊದಲು ತಮ್ಮನ್ನು ಚುಚ್ಚಿತು, ಆಮೇಲೆ ಯೋಚಿಸಿದಾಗ ಹೌದು ಅನ್ನಿಸಿತು ಎಂದು ಕಿಂಗ್ ಮುಂದೆ ಹೇಳಿಕೊಂಡರು. ಆ ಮಕ್ಕಳೂ ದಲಿತರ ಮಕ್ಕಳೇ. ನಿಮ್ಮ ತರಗತಿಯಲ್ಲಿ ಇದನ್ನು ಹೇಳಿ, ಆಮೇಲೆ ತೋರಿಸಿ. ನಗುವಿನ ಬಗ್ಗೆ ನಾನು ತೀರ್ಪು ಕೊಡಲಾರೆ. ಅದನ್ನು ನಿಮ್ಮ ತಂದೆಯವರನ್ನೇ ಕೇಳಿ.

ಮಾಸ್ತರ ಮಗಳು, ಕಲಬುರಗಿ:

ಸರ್, ಕೇಳಿದೆ. ನಿನ್ನೆ ರಾತ್ರಿ ಊಟ ಆದ ಮ್ಯಾಲ, ಆವತ್ತು ಯಾಕ ಇನ್ನೊಮ್ಮಿ ಹಾಕು ಅಂದಿ ಅಂತ ಅಪ್ಪಗ ಕೇಳಿದೆ.

“ಮುಖ ಮುಚ್ಚಿಕೊಂಡವ ಅವ, ತೆರೆದ ಮುಖ ಇವಂದು. ಅದನ್ನ ಬರೋಬರ್ ನೋಡಬೇಕಿತ್ತು” ಅಂದ. ಜರಾ ಹೊತ್ತು ಬಿಟ್ಟು, “ನಮ್ಮೂರಾಗ ಯಾರೂ ಮುಖ ಮುಚ್ಚಿಕೊಂಡಿರಲಿಲ್ಲವ್ವ” ಅಂದ.

ಆಮ್ಯಾಲ ನಾನು ಎಂದೂ ಕೇಳದ ಒಂದು ಸಂಗತಿ ಹೇಳಿದ. ನಮ್ಮೂರು ಆಳಂದ ತಾಲೂಕಿನ್ಯಾಗ. ಊರ ಹೋಟೆಲಿನ ಹೊರಗಿನ ಗ್ವಾಡಿಯೊಳಗ ಒಂದು ಗೂಡು, ಅದರಾಗ ನಮ್ಮ ಕೇರಿಯವರ ಗಿಲಾಸ ಇರ್ತಿದ್ದವು. ಮ್ಯಾಲಿನಿಂದ ಚಹಾ ಹೊಯ್ತಿದ್ದರು. ಕುಡಿದು, ತಾವೇ ತೊಳೆದು, ಬೋರಲು ಹಾಕಿ ಬರಬೇಕು. ಅಪ್ಪ ಮಾಸ್ತರ ಆಗಿ ಅದೇ ಊರ ಸಾಲಿಗೆ ಬಂದ. ಮೊದಲನೇ ದಿನ ಹೋಟೆಲಿನವ, “ಮಾಸ್ತರೇ ಒಳಗ ಬರ್ರಿ, ನೀವು ಕಲಿತವರು” ಅಂತ ನಕ್ಕು ಕಪ್ಪು ಬಸಿಯೊಳಗ ಚಹಾ ಕೊಟ್ಟ. ಆ ಹೊತ್ತಿನ್ಯಾಗ ನಮ್ಮ ದೊಡ್ಡಪ್ಪ ಹೊರಗ ಬಿಸಿಲಾಗ ನಿಂತು ಕಂಟ ಒಡೆದ ಗಿಲಾಸ ಹಿಡಕೊಂಡಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರಂತ.

“ನಾನೂ ನಕ್ಕೆ, ಕುಡಿದೆ. ಆದ್ರ ಬಾಯಿ ತೆಗೆದು ಏನೂ ಕೇಳಲಿಲ್ಲ. ಈ ಹುಡುಗ ನಗತಾನ, ಆದ್ರ ಕೇಳೂದು ಬಿಡಂಗಿಲ್ಲ” ಅಂದ ಅಪ್ಪ.

ಆವತ್ತಿನಿಂದ ನಮ್ಮಪ್ಪ ಯಾವ ಹೋಟೆಲಿನ್ಯಾಗೂ ಚಹಾ ಕುಡಿದಿಲ್ಲ. ಬಸ್‌ಸ್ಟ್ಯಾಂಡಿಗೆ ಹೋದರೂ ಕೆಂಪು ಮುಚ್ಚಳದ ಥರ್ಮಾಸ್ ಕೈಯಾಗ ಇರ್ತದ. ಹೊಟ್ಟಿಗೆ ಹೊರಗಿಂದು ಆಗಿ ಬರಂಗಿಲ್ಲ ಅಂತ ನಾನು ಇಷ್ಟು ವರ್ಷ ತಿಳ್ಕೊಂಡಿದ್ದೆ.

ತಮ್ಮಗೂ ಫೋನ್ ಮಾಡಿ ಹೇಳಿದೆ. ಭಾಳ ಹೊತ್ತು ಸುಮ್ಮನಿದ್ದ. ಸಿಯಾಟಲ್ ನಗರಸಭೆ 2023ರ ಫೆಬ್ರವರಿಯೊಳಗ ಜಾತಿ ತಾರತಮ್ಯ ಮಾಡಬಾರದಂತ ಕಾಯಿದೆ ಮಾಡಿದ ವಾರ, ಅವನ ಆಫೀಸಿನ್ಯಾಗ ನಮ್ಮ ದೇಶದವರೇ ಊಟಕ್ಕ ಕೂತು, ಇಲ್ಲಿ ಎಲ್ಲಿ ಅದ ಜಾತಿ ಅಂತ ನಕ್ಕರಂತ. ಇವನೂ ಅವರ ಜೋಡಿ ನಕ್ಕನಂತ. ಆ ಲ್ಯಾಪ್‌ಟಾಪ್ ಯಾಕ ಮುಚ್ಚಿದ ಅಂತ ನನಗ ಆವಾಗ ತಿಳೀತು.

ಭೀಮಾ ದಂಡಿ ಅಣ್ಣಾ, ನಿಮ್ಮವ್ವನ ಹಿಟ್ಟಿನ ಕೈ ನನ್ನ ಕಣ್ಣಿನಿಂದ ಹೋಗವಲ್ದು. ಮುಸುಕಿನವರ ಎಪಿಸೋಡ್ ಸುಮ್ಮ ಹಚ್ಚಿ ಬಿಡಂಗಿಲ್ಲ ನಾನು. ಮೊದಲು ಸಿಖ್ಖರದು ತೋರಿಸ್ತೀನಿ, ಆಮ್ಯಾಲ ಮರಕುಂಬಿ ಹೇಳ್ತೀನಿ, ಕಡೀಕ ಅದು. ನಡುನಡುವ ನಿಲ್ಲಿಸಿ, ನೀವಾಗಿದ್ದರ ಏನು ಕೇಳ್ತಿದ್ರಿ ಅಂತ ವಹಿಯೊಳಗ ಬರೆಸ್ತೀನಿ.

ಬೀದರದ ಅಣ್ಣೋರೆ, ಜನವರಿಯೊಳಗ ಸಾಲಿ ಪ್ರವಾಸ ಬೀದರಕ್ಕೇ ಅದ. ಕಿಲ್ಲೆ ನೋಡಿದ ಮ್ಯಾಲ ಹಬಶಿ ಕೋಟಿಗೆ ಬಸ್ ಹೋಗ್ತದೇನು, ನಡೀಬೇಕೇನು? ಅಪ್ಪನೂ ಬರ್ತೀನಿ ಅಂದಾನ, ಅವನ ಮೊಣಕಾಲು ನೋವು ಅದ, ಅದಕ್ಕ ಕೇಳ್ಲತ್ತೀನಿ.