ಆನ್‌ಲೈನ್‌ಗೆ ಮಾತ್ರ ಬಿಡುವ ಫೋನ್: ಸ್ಪರ್ಧಾ ಆಯೋಗಕ್ಕೆ ದೂರು ಕೊಡಬಹುದಾ?

ಅಂಗಡಿಯವ, ದಾವಣಗೆರೆ
ನಮಸ್ಕಾರ. ನಮ್ಮದು ಮೊಬೈಲ್ ಅಂಗಡಿ. ಹೊಸ ಮಾಡೆಲ್ ಬಂತು ಅಂದರೆ ಗಿರಾಕಿಗಳು ಕೇಳಿಕೊಂಡು ಬರುತ್ತಾರೆ. ಡಿಸ್ಟ್ರಿಬ್ಯೂಟರ್‌ಗೆ ಫೋನ್ ಮಾಡಿದರೆ, "ಇದು ಆನ್‌ಲೈನ್‌ಗೆ ಮಾತ್ರ, ನಮಗೇ ಸ್ಟಾಕ್ ಕೊಟ್ಟಿಲ್ಲ" ಅಂತಾರೆ. ನಮಗೆ ಸಿಗುವ ಮಾಡೆಲ್ಲಾದರೂ ಓಡುತ್ತಾ? ಹಬ್ಬದ ಸೇಲ್‌ನಲ್ಲಿ ಅಲ್ಲಿನ ಬೆಲೆ ನನ್ನ ಖರೀದಿ ಬಿಲ್‌ಗಿಂತ ಕಡಿಮೆ. ಫೋನ್ ಅಲ್ಲಿ ತಗೊಂಡು, ಸ್ಕ್ರೀನ್ ಗಾರ್ಡ್ ಹಾಕಿಸೋಕೆ ಇಲ್ಲಿಗೆ ಬರುತ್ತಾರೆ. ಇದಕ್ಕೆ ಕಾನೂನೇ ಇಲ್ವಾ?

ವಕೀಲ, ಧಾರವಾಡ
ಇದೆ ಸರ್, 2002ರ ಸ್ಪರ್ಧಾ ಕಾಯ್ದೆ. ಅದನ್ನು ಜಾರಿ ಮಾಡುವುದು ಸ್ಪರ್ಧಾ ಆಯೋಗ, ದೂರು ಕೊಡಬೇಕಾದದ್ದೂ ಅಲ್ಲಿಗೇ. ಆದರೆ ಒಂದು ದೊಡ್ಡ ತೊಡಕಿದೆ. ವೆಚ್ಚಕ್ಕಿಂತ ಕಡಿಮೆಗೆ ಮಾರಿ ಎದುರಾಳಿಯನ್ನು ಓಡಿಸಬಾರದು ಅಂತ ಸೆಕ್ಷನ್ 4 ಹೇಳುತ್ತದೆ. ಅದು ಅನ್ವಯಿಸಬೇಕಾದರೆ ಒಂದೇ ಕಂಪನಿ ಅಥವಾ ಒಂದೇ ಗುಂಪು ಮಾರುಕಟ್ಟೆಯಲ್ಲಿ ಪ್ರಬಲವಾಗಿರಬೇಕು. "ಇಬ್ಬರು ದೊಡ್ಡವರು ಸೇರಿ ಪ್ರಬಲರು" ಅನ್ನುವ ವಾದ ನಮ್ಮಲ್ಲಿ ನಿಲ್ಲುವುದಿಲ್ಲ.

ಅದಕ್ಕೇ ದೆಹಲಿ ವ್ಯಾಪಾರ ಮಹಾಸಂಘದ ದೂರಿನ ಮೇಲೆ 2020ರ ಜನವರಿಯಲ್ಲಿ ಅಮೆಜಾನ್, ಫ್ಲಿಪ್‌ಕಾರ್ಟ್ ವಿರುದ್ಧ ಆಯೋಗ ತನಿಖೆಗೆ ಆದೇಶ ಮಾಡಿದ್ದು ಸೆಕ್ಷನ್ 3ರಲ್ಲಿ, ಅಂದರೆ ಸ್ಪರ್ಧೆಗೆ ಪೆಟ್ಟು ಕೊಡುವ ಒಪ್ಪಂದಗಳ ವಿಷಯದಲ್ಲಿ. ಆನ್‌ಲೈನ್‌ಗೆ ಮಾತ್ರ ಬಿಡುವ ಫೋನ್, ತಮಗೆ ಬೇಕಾದ ಮಾರಾಟಗಾರರಿಗೆ ಆದ್ಯತೆ, ಭಾರಿ ರಿಯಾಯಿತಿ ಎಲ್ಲವೂ ಆ ದೂರಿನಲ್ಲಿದ್ದವು. ನಿಮ್ಮ ದಾರಿಯೂ ಅದೇ.

ಆಮೇಲೆ ಏನಾಯ್ತು ನೋಡಿ. ಫೆಬ್ರವರಿಯಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್‌ನಲ್ಲೇ ತನಿಖೆಗೆ ತಡೆಯಾಜ್ಞೆ. ಕಂಪನಿಗಳ ಅರ್ಜಿ ವಜಾ ಆದದ್ದು 2021ರ ಜೂನ್‌ನಲ್ಲಿ. ಮೇಲ್ಮನವಿಯೂ ಜುಲೈನಲ್ಲಿ ವಜಾ ಆಯ್ತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ತನಿಖೆ ತಡೆಯಲಿಲ್ಲ. ಅಷ್ಟು ಹೊತ್ತಿಗೆ ಒಂದೂವರೆ ವರ್ಷ ಹೋಗಿತ್ತು. ಸಣ್ಣ ಅಂಗಡಿಗೆ ಅಷ್ಟು ದಿನ ಬಾಡಿಗೆ ಕಟ್ಟಿಕೊಂಡು ಕಾಯೋಕೆ ಆಗುತ್ತಾ?

ಗಿರಾಕಿ, ಮೈಸೂರು
ನನ್ನ ಸಂಬಳಕ್ಕೆ ಎರಡು ಸಾವಿರ ಉಳಿದರೂ ದೊಡ್ಡದೇ. ಕಡಿಮೆ ಬೆಲೆಗೆ ಕೊಟ್ಟರೆ ತಪ್ಪೇನು?

ಅಂಗಡಿಯವ, ದಾವಣಗೆರೆ
ಕಡಿಮೆಗೆ ಕೊಡಲಿ ಸರ್, ಬೇಡ ಅನ್ನಲ್ಲ. ಅದೇ ಮಾಲು ಅದೇ ರೇಟಿಗೆ ನನಗೂ ಸಿಗಲಿ. ಆಮೇಲೂ ನಾನು ಸೋತರೆ ಅದು ನನ್ನ ವ್ಯಾಪಾರದ ತಪ್ಪು. ಈಗ ನನಗೆ ಮಾಲೇ ಕೊಡದೆ ಸೋಲಿಸ್ತಿದ್ದಾರೆ. ಅಂಗಡಿಗಳೆಲ್ಲ ಮುಚ್ಚಿದ ಮೇಲೆ ಆ ರಿಯಾಯಿತಿ ಯಾರಿಗೋಸ್ಕರ ಕೊಡ್ತಾರೆ ಹೇಳಿ?

ವಕೀಲ, ಧಾರವಾಡ
ಇವರು ಹೇಳಿದ್ದೇ ವಿಷಯದ ತಿರುಳು. 2023ರ ತಿದ್ದುಪಡಿಯಲ್ಲಿ ಕಂಪನಿಯ ಜಾಗತಿಕ ವಹಿವಾಟು ನೋಡಿ ದಂಡ ಹಾಕುವ ಅಧಿಕಾರ ಬಂತು. ಒಳ್ಳೆಯದೇ. ಆದರೆ ದಂಡ ಬೀಳುವುದು ಎಲ್ಲ ಮುಗಿದ ಮೇಲೆ. ದೊಡ್ಡ ಡಿಜಿಟಲ್ ಕಂಪನಿಗಳಿಗೆ ಮೊದಲೇ ಕಟ್ಟುಪಾಡು ಹಾಕುವ ಮಸೂದೆಯ ಕರಡು 2024ರ ಮಾರ್ಚ್‌ನಲ್ಲಿ ಹೊರಬಂತು. ತಮ್ಮವರಿಗೇ ಮಣೆ ಹಾಕುವುದನ್ನು ತಡೆಯುವ ಪ್ರಸ್ತಾಪ ಅದರಲ್ಲಿತ್ತು. ನನ್ನ ಪ್ರಕಾರ ಅಂಥ ಕಾಯ್ದೆ ಬೇಕೇ ಬೇಕು. ಜೊತೆಗೆ, ಇಬ್ಬರು ಸೇರಿ ಮಾರುಕಟ್ಟೆ ಹಿಡಿದರೂ ಸೆಕ್ಷನ್ 4 ಅನ್ವಯಿಸುವಂತೆ ಮೂಲ ಕಾಯ್ದೆಯನ್ನೂ ತಿದ್ದಬೇಕು.

ಸರ್, ನೀವು ಒಬ್ಬರೇ ಹೋಗಬೇಡಿ, ವ್ಯಾಪಾರಿಗಳ ಸಂಘದ ಮೂಲಕ ಹೋಗಿ. ಡಿಸ್ಟ್ರಿಬ್ಯೂಟರ್ "ಸ್ಟಾಕ್ ಇಲ್ಲ" ಅಂದದ್ದನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಖರೀದಿ ಬಿಲ್, ಅದೇ ದಿನದ ಆನ್‌ಲೈನ್ ಬೆಲೆಯ ಸ್ಕ್ರೀನ್‌ಶಾಟ್ ಒಟ್ಟಿಗಿಡಿ. 2023ರ ತಿದ್ದುಪಡಿಯ ನಂತರ ದೂರಿಗೆ ಮೂರು ವರ್ಷದ ಗಡುವಿದೆ. ಸುಮ್ನೆ ತಡ ಮಾಡಬೇಡಿ.